ಟೀ ಪ್ರಿಯರು ಮೊದಲು ಯಾವ ಪುಸ್ತಕ ಓದಬೇಕು? ದಾವಣಗೆರೆ, ದುರ್ಗದ ಓದುಗರಿಗೊಂದು ಹೋಲಿಕೆ

ಟೀ ಬಗ್ಗೆ ಒಂದು ಒಳ್ಳೆ ಪುಸ್ತಕ ಹೇಳಿ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಹೆಸರು. ಜಪಾನಿನ ಒಕಾಕುರಾ ಕಾಕುಜೊ ಬರೆದ ‘ದಿ ಬುಕ್ ಆಫ್ ಟೀ’. ಒಳ್ಳೆಯ ಪುಸ್ತಕವೇ, ಅನುಮಾನ ಬೇಡ. ಆದರೆ ದಾವಣಗೆರೆಯಲ್ಲಿ, ದುರ್ಗದಲ್ಲಿ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಟೀ ಕುಡಿದು ಬೆಳೆದವರು ಅದರಿಂದಲೇ ಓದು ಶುರು ಮಾಡಬೇಕಾ? ಬೇಡ ಅಂತ ನಾನು ಹೇಳುತ್ತೇನೆ. ಆ ಪುಸ್ತಕದಲ್ಲಿರುವ ಟೀ ಬೇರೆ, ನಮ್ಮ ಲೋಟದಲ್ಲಿರುವ ಟೀ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೆಸರು ಕೇಳಿ ಪುಸ್ತಕ ತರಿಸಿದವರು ಇಪ್ಪತ್ತು ಪುಟ ಓದಿ ಕಪಾಟಿಗೆ ಸೇರಿಸುತ್ತಾರೆ. ಆಮೇಲೆ ಟೀ ಬಗ್ಗೆ ಓದುವ ಆಸೆಯೇ ಹೋಗುತ್ತದೆ. ಹಾಗಾಗಬಾರದು.

ಅದಕ್ಕೇ ಇಲ್ಲಿ ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಿದ್ದೇನೆ. ಯಾವುದು ದೊಡ್ಡದು, ಯಾವುದು ಪ್ರಸಿದ್ಧ ಅನ್ನುವ ಲೆಕ್ಕ ಅಲ್ಲ. ನಿಮಗೆ ಟೀ ವಿಷಯದಲ್ಲಿ ಯಾವ ಕುತೂಹಲ ಇದೆ, ಅದಕ್ಕೆ ಯಾವ ಪುಸ್ತಕ ಉತ್ತರ ಕೊಡುತ್ತದೆ ಅನ್ನುವ ಲೆಕ್ಕ.

ಮೊದಲು ನಮ್ಮ ಲೋಟ

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮುಗಿಸಿ ಕುಡಿಯುತ್ತೇವಲ್ಲ, ಆ ಟೀ ಯಾವುದು? ಸಿಟಿಸಿ (ಕ್ರಷ್, ಟಿಯರ್, ಕರ್ಲ್) ಪುಡಿ. ಅದರಲ್ಲೂ ಹೋಟೆಲಿನವರು ಬಳಸುವುದು ಹೆಚ್ಚಾಗಿ ಡಸ್ಟ್, ಅಂದರೆ ತೀರಾ ಸಣ್ಣ ಕಾಳು. ಬಾಡಿಸಿದ ಎಲೆಯನ್ನು ಹಲ್ಲಿರುವ ಎರಡು ರೋಲರ್‌ಗಳ ನಡುವೆ ಹಾಯಿಸುತ್ತಾರೆ. ಎಲೆ ಜಜ್ಜಿ, ಹರಿದು, ಸುರುಳಿ ಸುತ್ತಿಕೊಂಡು ಕಾಳಾಗುತ್ತದೆ. ಈ ಯಂತ್ರವನ್ನು ರೂಪಿಸಿದ್ದು ವಿಲಿಯಂ ಮೆಕರ್ಚರ್ ಎಂಬುವರು, 1930ರ ಹೊತ್ತಿಗೆ, ಅಸ್ಸಾಮಿನ ಅಮ್‌ಗೂರಿ ತೋಟದಲ್ಲಿ. ಸಿಟಿಸಿ ಪುಡಿ ಬೇಗ ಬಣ್ಣ ಬಿಡುತ್ತದೆ, ಖಡಕ್ ಆಗಿರುತ್ತದೆ, ಹಾಲು ಸಕ್ಕರೆ ಎರಡನ್ನೂ ತಡೆದುಕೊಳ್ಳುತ್ತದೆ. ಸ್ವಲ್ಪ ಪುಡಿಯಲ್ಲಿ ಜಾಸ್ತಿ ಲೋಟ ಆಗುತ್ತದೆ. ರಸ್ತೆ ಬದಿಯ ಗೂಡಂಗಡಿಯಲ್ಲಿ ಕಡಿಮೆ ದುಡ್ಡಿಗೆ ಟೀ ಸಿಗುವುದಕ್ಕೆ ಇದು ದೊಡ್ಡ ಕಾರಣ.

ಈಗ ಪುಸ್ತಕಗಳ ಕಾಲ ನೋಡಿ. ಒಕಾಕುರಾ ಬರೆದದ್ದು 1906ರಲ್ಲಿ. ಚೀನಾದ ಲು ಯು ಬರೆದದ್ದು 8ನೇ ಶತಮಾನದಲ್ಲಿ. ಅವರು ಬರೆಯುವಾಗ ನಾವು ಕುಡಿಯುವ ಟೀ ಹುಟ್ಟಿರಲೇ ಇಲ್ಲ. ಹಾಗಾಗಿ ಅವರ ಪುಸ್ತಕದಲ್ಲಿ ನಮ್ಮ ಟೀ ಹುಡುಕಿದರೆ ಸಿಗುವುದಿಲ್ಲ. ಆ ಪುಸ್ತಕಗಳನ್ನು ಬೇರೆ ಆಸೆಯಿಂದ ಓದಬೇಕು.

ಟೀ ಮಾಡುವ ಕ್ರಮ ಬೇಕಾ? ಆರ್ವೆಲ್ ಅಥವಾ ಲು ಯು

ಓದುವ ಅಭ್ಯಾಸ ಕಡಿಮೆ, ಆದರೆ ಟೀ ಅಂದರೆ ಪ್ರಾಣ ಅನ್ನುವವರಿಗೆ ನಾನು ಮೊದಲು ಕೊಡುವುದು ಪುಸ್ತಕ ಅಲ್ಲ, ಒಂದು ಪುಟ್ಟ ಪ್ರಬಂಧ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಬರೆದ ‘ಎ ನೈಸ್ ಕಪ್ ಆಫ್ ಟೀ’. 1946ರ ಜನವರಿ 12ರಂದು ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯಲ್ಲಿ ಬಂತು. ಒಂದು ಲೋಟ ಟೀ ಖಾಲಿಯಾಗುವಷ್ಟರಲ್ಲಿ ಓದಿ ಮುಗಿಸಬಹುದು. ಇಂಗ್ಲಿಷ್ ಸರಳ. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ ಅನ್ನುವುದು ನೆನಪಿರಲಿ, ಯಾಕೆಂದರೆ ಅವರ ಮೊದಲ ನಿಯಮವೇ ಭಾರತದ ಅಥವಾ ಸಿಲೋನಿನ (ಈಗಿನ ಶ್ರೀಲಂಕಾ) ಟೀ ಬಳಸಿ ಅನ್ನುವುದು.

ಒಟ್ಟು ಹನ್ನೊಂದು ನಿಯಮ ಹೇಳುತ್ತಾರೆ. ಟೀ ಖಡಕ್ ಆಗಿರಬೇಕು. ಕುದಿಯುವ ನೀರಿನ ಹತ್ತಿರ ಟೀ ಪಾಟ್ ಒಯ್ಯಬೇಕೇ ಹೊರತು ನೀರನ್ನು ಪಾಟ್ ಹತ್ತಿರ ತರಬಾರದು. ಮೊದಲು ಟೀ ಸುರಿದು ಆಮೇಲೆ ಹಾಲು. ಕೆನೆ ತೆಗೆದ ಹಾಲು. ಸಕ್ಕರೆ ಮಾತ್ರ ಬೇಡವೇ ಬೇಡ. ಕೊನೆಯದಕ್ಕೆ ನಮ್ಮೂರಿನವರು ಒಪ್ಪುವುದು ಕಷ್ಟ. ಹಾಲು ಮೊದಲೋ ಟೀ ಮೊದಲೋ ಅನ್ನುವ ಜಗಳವೂ ನಮಗೆ ಸಂಬಂಧ ಇಲ್ಲ, ನಾವು ಎರಡನ್ನೂ ಒಟ್ಟಿಗೇ ಕುದಿಸುತ್ತೇವೆ. ಆದರೂ ಈ ಪ್ರಬಂಧ ನನಗೆ ಬಹಳ ಇಷ್ಟ. ಯುದ್ಧ ಮುಗಿದಿತ್ತು, ಆದರೆ ಬ್ರಿಟನ್ನಿನಲ್ಲಿ ಟೀ ಇನ್ನೂ ರೇಷನ್ನಿನಲ್ಲೇ ಸಿಗುತ್ತಿತ್ತು. 1940ರಲ್ಲಿ ಶುರುವಾದ ಆ ರೇಷನ್ ಹೋದದ್ದು 1952ರಲ್ಲಿ. ಅಳೆದು ಸಿಗುವ ಪುಡಿಯಿಂದಲೇ ನೆಟ್ಟಗೆ ಟೀ ಮಾಡಿ ಕುಡಿಯಬೇಕು ಅನ್ನುವ ಹಟ ಆ ಬರಹದಲ್ಲಿದೆ. ತಿಂಗಳ ಕೊನೆಗೆ ಡಬ್ಬಿಯ ತಳ ಕೆರೆದು ಟೀ ಮಾಡಿದ ಮನೆಗಳಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ.

ಲು ಯು ಬರೆದ ‘ಚಾ ಜಿಂಗ್’ ಇದಕ್ಕೆ ಪೂರ್ತಿ ಬೇರೆ. ಟ್ಯಾಂಗ್ ರಾಜರ ಕಾಲದ್ದು. ಟೀ ಬಗ್ಗೆಯೇ ಬರೆದ ಮೊದಲ ದೊಡ್ಡ ಗ್ರಂಥ. ಅನಾಥನಾಗಿ ಬೌದ್ಧ ಮಠದಲ್ಲಿ ಬೆಳೆದ ಹುಡುಗ ಮುಂದೆ ಇದನ್ನು ಬರೆದ. ಹತ್ತು ಅಧ್ಯಾಯ. ಗಿಡ ಎಲ್ಲಿಂದ ಬಂತು ಅನ್ನುವುದರಿಂದ ಹಿಡಿದು ಎಲೆ ಕೀಳುವ ಸಲಕರಣೆ, ಟೀ ಮಾಡುವ ಪಾತ್ರೆ, ಕುದಿಸುವ ಬಗೆ, ಕುಡಿಯುವ ಬಗೆ, ಹಳೆಯ ಉಲ್ಲೇಖಗಳು, ಊರೂರಿನ ಟೀ ಗುಣ ಎಲ್ಲಾ ಇದೆ. ಆಗ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಕಟ್ಟಿ ಒಣಗಿಸುತ್ತಿದ್ದರು. ಬೇಕಾದಾಗ ಬಿಲ್ಲೆಯನ್ನು ಕಾಯಿಸಿ, ಅರೆದು, ಕುದಿವ ನೀರಿಗೆ ಹಾಕುತ್ತಿದ್ದರು. ಚಿಟಿಕೆ ಉಪ್ಪೂ ಬೀಳುತ್ತಿತ್ತು.

ನೀರು ಕುದಿಯುವುದರಲ್ಲಿ ಲು ಯು ಮೂರು ಹಂತ ನೋಡುತ್ತಾನೆ. ಮೊದಲು ಮೀನಿನ ಕಣ್ಣಿನಷ್ಟು ಗುಳ್ಳೆ, ಸಣ್ಣ ಸದ್ದು. ಆಮೇಲೆ ಪಾತ್ರೆಯ ಅಂಚಿನಲ್ಲಿ ಮುತ್ತು ಪೋಣಿಸಿದ ಹಾಗೆ ಗುಳ್ಳೆ. ಕೊನೆಗೆ ಅಲೆ ಉಕ್ಕಿದ ಹಾಗೆ. ಅದನ್ನೂ ದಾಟಿದರೆ ನೀರಿಗೆ ವಯಸ್ಸಾಯಿತು, ಕುಡಿಯಬೇಡಿ ಅನ್ನುತ್ತಾನೆ. ಶುಂಠಿ, ಈರುಳ್ಳಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸಿದ ಟೀ ಅವನ ಪ್ರಕಾರ ಚರಂಡಿ ನೀರಿಗೆ ಸಮ. ಮಳೆಗಾಲದಲ್ಲಿ ಶುಂಠಿ ಟೀ ಇಲ್ಲದೆ ಇರಲಾರದ ನಾವು ಇದನ್ನು ಓದಿ ಬೇಜಾರು ಮಾಡಿಕೊಳ್ಳುವುದು ಬೇಡ. ಎಲೆಯ ಸ್ವಂತ ರುಚಿ ಕಾಪಾಡಬೇಕು ಅನ್ನುವುದು ಅವನ ಕಾಳಜಿ. ನಮ್ಮ ಡಸ್ಟ್ ಪುಡಿಯ ಗುಣವೇ ಬೇರೆ, ಅದು ಶುಂಠಿ ಏಲಕ್ಕಿಯನ್ನು ಸೇರಿಸಿಕೊಳ್ಳುತ್ತದೆ.

ಆದರೆ ಅವನ ಒಂದು ಮಾತು ನಮಗೆ ನೇರವಾಗಿ ತಾಗುತ್ತದೆ. ನೀರಿನ ಮಾತು. ಬೆಟ್ಟದ ನೀರು ಉತ್ತಮ, ಹೊಳೆ ನೀರು ಮಧ್ಯಮ, ಬಾವಿ ನೀರು ಕೊನೆ ಅಂತ ಬರೆದಿದ್ದಾನೆ. ದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರಿನಲ್ಲಿ ಟೀ ಮಾಡಿದವರು ಇದನ್ನು ಓದದೆಯೂ ಬಲ್ಲರು. ಗಡಸು ನೀರಿನಲ್ಲಿ ಬರೀ ಟೀ ಡಿಕಾಕ್ಷನ್ ಮಾಡಿ ಬಿಟ್ಟರೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ನೀರಿನ ಕ್ಯಾಲ್ಸಿಯಂ ಮತ್ತು ಟೀಯಲ್ಲಿರುವ ಪಾಲಿಫಿನಾಲ್ ಎಂಬ ಒಗರು ಅಂಶ ಸೇರಿ ಆಗುವ ಪೊರೆ ಅದು. ಬಣ್ಣ ಮಂಕು, ರುಚಿ ಚಪ್ಪೆ. ಅದೇ ಪುಡಿಯನ್ನು ತುಂಗಭದ್ರೆಯ ನೀರಿನಲ್ಲಿ ಕುದಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವನು ನೀರನ್ನು ಇಷ್ಟು ಗಮನಿಸಿದ್ದ ಅನ್ನುವುದೇ ಆ ಗ್ರಂಥ ಓದಲು ನನಗೆ ಸಾಕಾದ ಕಾರಣ.

ಎರಡರಲ್ಲಿ ಯಾವುದು? ಆರ್ವೆಲ್ ಎಲ್ಲರಿಗೂ. ಲು ಯು, ಅಡುಗೆಮನೆಯಲ್ಲಿ ನಿಂತು ಪ್ರಯೋಗ ಮಾಡುವ ಆಸೆ ಇರುವವರಿಗೆ. ಫ್ರಾನ್ಸಿಸ್ ರಾಸ್ ಕಾರ್ಪೆಂಟರ್ 1974ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಹುಡುಕಿ. ಚೀನಾದ ಊರು, ರಾಜರ ಹೆಸರುಗಳ ಅಧ್ಯಾಯ ಬೇಸರವಾದರೆ ಬಿಟ್ಟು ಮುಂದೆ ಹೋಗಬಹುದು. ಪಾತ್ರೆ, ನೀರು, ಕುದಿ, ಕುಡಿಯುವ ಬಗೆ, ಈ ಅಧ್ಯಾಯಗಳನ್ನು ಮಾತ್ರ ಬಿಡಬೇಡಿ.

ಒಕಾಕುರಾ ಓದಲೇಬೇಕು ಅನ್ನುವವರಿಗೆ

‘ದಿ ಬುಕ್ ಆಫ್ ಟೀ’ ಚಿಕ್ಕ ಪುಸ್ತಕ, ಏಳು ಅಧ್ಯಾಯ. ಒಕಾಕುರಾ ಜಪಾನಿನವರಾದರೂ ಇದನ್ನು ಇಂಗ್ಲಿಷಿನಲ್ಲೇ ಬರೆದರು, ಅಮೆರಿಕದಲ್ಲಿದ್ದಾಗ. ಬಾಸ್ಟನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದರು. ಅದಕ್ಕೂ ಮುಂಚೆ 1901-02ರಲ್ಲಿ ಭಾರತಕ್ಕೆ ಬಂದು ವಿವೇಕಾನಂದರನ್ನು ಕಂಡಿದ್ದರು, ಕಲ್ಕತ್ತೆಯಲ್ಲಿ ಠಾಕೂರರ ಮನೆತನದವರ ಜೊತೆ ಒಡನಾಡಿದ್ದರು. ಪೂರ್ವದ ದೇಶಗಳನ್ನು ಪಶ್ಚಿಮದವರು ಅರ್ಥ ಮಾಡಿಕೊಂಡಿಲ್ಲ ಅನ್ನುವ ನೋವು ಮೊದಲ ಅಧ್ಯಾಯದಲ್ಲೇ ಇದೆ.

ಹೆಸರಿನಲ್ಲಿ ಟೀ ಇದ್ದರೂ ಟೀ ಮಾಡುವುದನ್ನು ಇದು ಕಲಿಸುವುದಿಲ್ಲ. ಕುದಿಸಿದ ಟೀ, ಕಡೆದ ಟೀ, ನೆನೆಸಿದ ಟೀ ಅಂತ ಚೀನಾದ ಮೂರು ಕಾಲಗಳನ್ನು ಹೇಳುತ್ತದೆ. ಉಳಿದದ್ದು ತಾವೋ, ಝೆನ್ ಎಂಬ ಚಿಂತನೆಗಳು, ಟೀ ಕೋಣೆ, ಚಿತ್ರಕಲೆ, ಹೂವು. ಕೊನೆಗೆ ಸೆನ್ ನೊ ರಿಕ್ಯು ಎಂಬ ಟೀ ಗುರುವಿನ ಸಾವು. ಹಿದೆಯೋಶಿ ಎಂಬ ಆಳುವ ದೊರೆಯ ಆಜ್ಞೆಯಂತೆ 1591ರಲ್ಲಿ ಆತ ಪ್ರಾಣ ಬಿಡಬೇಕಾಯಿತು. ಆ ಕೊನೆಯ ಪುಟಗಳು ಬಹಳ ಚೆನ್ನಾಗಿವೆ. ಇಂಗ್ಲಿಷ್ ಮಾತ್ರ ಹಳೆಯದು, ಅಲಂಕಾರ ಜಾಸ್ತಿ. ನಿಘಂಟು ಪಕ್ಕದಲ್ಲಿರಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಟೀ ಕೋಣೆಯ ಅಧ್ಯಾಯ. ಆ ಕೋಣೆಯ ಬಾಗಿಲು ಮೂರು ಅಡಿಗಿಂತ ಎತ್ತರ ಇರುವುದಿಲ್ಲ. ಯಾರೇ ಬರಲಿ, ಬಗ್ಗಿಯೇ ಒಳಗೆ ಬರಬೇಕು. ಸಮುರಾಯಿ, ಅಂದರೆ ಜಪಾನಿನ ಯೋಧ, ಕತ್ತಿಯನ್ನು ಹೊರಗೆ ಬಿಟ್ಟು ಬರಬೇಕು. ಒಳಗೆ ದೊಡ್ಡವರು ಚಿಕ್ಕವರು ಇಲ್ಲ. ಇದನ್ನು ಓದುವಾಗ ನಮ್ಮ ಕಡೆಯ ಹಳ್ಳಿ ಹೋಟೆಲುಗಳು ನೆನಪಾಗದೆ ಇರುವುದಿಲ್ಲ. ದಲಿತರಿಗೆ ಬೇರೆ ಲೋಟ ಇಟ್ಟು, ಕುಡಿದವರೇ ತೊಳೆದಿಡಬೇಕು ಅನ್ನುತ್ತಿದ್ದ ಕಾಲ ದೂರದ್ದೇನಲ್ಲ. ಒಂದು ಲೋಟ ಟೀ ಜನರನ್ನು ಸಮ ಮಾಡಬಲ್ಲದು, ಅದೇ ಲೋಟ ಜನರನ್ನು ಬೇರೆಯೂ ಮಾಡಬಲ್ಲದು. ಒಕಾಕುರಾ ಮೊದಲನೆಯದನ್ನಷ್ಟೇ ಬರೆದರು. ಎರಡನೆಯದನ್ನು ನಾವು ಸೇರಿಸಿಕೊಂಡು ಓದಬೇಕು.

ಇದರ ಜೊತೆಗೆ ಹೋಲಿಸಿ ನೋಡಬೇಕಾದದ್ದು ಯಾಸುನಾರಿ ಕವಾಬಾಟಾ ಅವರ ‘ಥೌಸಂಡ್ ಕ್ರೇನ್ಸ್’ ಕಾದಂಬರಿ. ಕವಾಬಾಟಾ 1968ರಲ್ಲಿ ನೊಬೆಲ್ ಪಡೆದವರು. ಎರಡನೇ ಮಹಾಯುದ್ಧದ ನಂತರದ ಜಪಾನು. ಸತ್ತ ತಂದೆಯ ಟೀ ಪಾತ್ರೆಗಳು, ಆತನ ಹಳೆಯ ಸಂಬಂಧಗಳು, ಅವುಗಳ ನಡುವೆ ಸಿಕ್ಕಿಕೊಂಡ ಮಗ. ಇಲ್ಲಿ ಟೀ ಆಚರಣೆ ಪವಿತ್ರವಾಗಿ ಉಳಿದಿಲ್ಲ. ಟೀ ಕಲಿಸುವ ಹೆಂಗಸೇ ಅದನ್ನು ತನ್ನ ಹಗೆ ತೀರಿಸಲು ಬಳಸುತ್ತಾಳೆ. ಟೀ ಆಚರಣೆಯ ಚೆಂದವನ್ನು ಹೊಗಳಲು ಬರೆದ ಕಥೆ ಇದು ಅಂತ ಓದಬೇಡಿ, ಅದು ಎಷ್ಟು ಕೆಟ್ಟಿದೆ ಅನ್ನುವ ಎಚ್ಚರಿಕೆ ಇದು ಅನ್ನುವ ಅರ್ಥದ ಮಾತನ್ನು ಕವಾಬಾಟಾ ನೊಬೆಲ್ ಭಾಷಣದಲ್ಲೇ ಆಡಿದ್ದಾರೆ. ಸೈಡನ್‌ಸ್ಟಿಕರ್ ಅವರ ಇಂಗ್ಲಿಷ್ ಅನುವಾದ ಸಲೀಸಾಗಿ ಓದಿಸಿಕೊಳ್ಳುತ್ತದೆ. ಒಕಾಕುರಾಗಿಂತ ಇದು ಸುಲಭ. ಕಾದಂಬರಿ ಓದುವ ಅಭ್ಯಾಸ ಇದ್ದವರು ಇದನ್ನೇ ಮೊದಲು ಓದಿ, ಇಷ್ಟವಾದರೆ ಒಕಾಕುರಾಗೆ ಹೋಗಿ.

ಚರಿತ್ರೆ: ದಪ್ಪ, ತೆಳು, ರೋಚಕ

ವಿಲಿಯಂ ಯೂಕರ್ಸ್ ಬರೆದ ‘ಆಲ್ ಅಬೌಟ್ ಟೀ’ 1935ರದ್ದು. ಎರಡು ಸಂಪುಟ, ಸಾವಿರ ಪುಟಕ್ಕೂ ಮೇಲೆ. ಅದನ್ನು ಕೂತು ಓದುವುದಕ್ಕಾಗುವುದಿಲ್ಲ, ಬೇಕಾದ್ದನ್ನು ಹುಡುಕಿ ನೋಡಬೇಕು. ಟೀ ವ್ಯಾಪಾರದಲ್ಲಿ ಇರುವವರಿಗೆ, ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಸರಿ. ಹೆಲೆನ್ ಸಬೇರಿ ಅವರ ‘ಟೀ: ಎ ಗ್ಲೋಬಲ್ ಹಿಸ್ಟರಿ’ (2010) ತೆಳ್ಳಗಿದೆ, ಚಿತ್ರಗಳಿವೆ, ಬೇರೆ ಬೇರೆ ದೇಶಗಳ ಟೀ ಮಾಡುವ ವಿಧಾನಗಳಿವೆ. ಉಡುಗೊರೆ ಕೊಡಲು ಚೆನ್ನ.

ರೋಚಕವಾಗಿ ಬೇಕು ಅಂದರೆ ಸಾರಾ ರೋಸ್ ಅವರ ‘ಫಾರ್ ಆಲ್ ದಿ ಟೀ ಇನ್ ಚೈನಾ’. ರಾಬರ್ಟ್ ಫಾರ್ಚ್ಯೂನ್ ಎಂಬ ಸ್ಕಾಟ್ಲೆಂಡಿನ ಸಸ್ಯತಜ್ಞ 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ಪಡೆದು, ತಲೆ ಬೋಳಿಸಿ ಜಡೆ ಇಳಿಬಿಟ್ಟುಕೊಂಡು, ಚೀನೀಯನ ವೇಷದಲ್ಲಿ ಚೀನಾದ ಒಳನಾಡಿಗೆ ಹೋದ. ಟೀ ಬೀಜ, ಗಿಡ, ಟೀ ತಯಾರಿಸುವ ಕೆಲಸಗಾರರನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ. ವಾರ್ಡ್ ಪೆಟ್ಟಿಗೆ ಎಂಬ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ಸಮುದ್ರ ದಾಟಿದವು. ಹಸಿರು ಟೀ, ಕಪ್ಪು ಟೀ ಎರಡೂ ಒಂದೇ ಜಾತಿಯ ಗಿಡದಿಂದ ಬರುತ್ತವೆ ಅನ್ನುವುದನ್ನು ಯುರೋಪಿಗೆ ಖಚಿತವಾಗಿ ತಿಳಿಸಿದವನೂ ಅವನೇ. ರಫ್ತಿನ ಹಸಿರು ಟೀಗೆ ಬಣ್ಣ ಬರಲಿ ಅಂತ ನೀಲಿ ಬಣ್ಣ, ಜಿಪ್ಸಂ ಬೆರೆಸುವುದನ್ನು ಕಣ್ಣಾರೆ ಕಂಡು ಬರೆದ. ಫಾರ್ಚ್ಯೂನನೇ 1852ರಲ್ಲಿ ಪ್ರಕಟಿಸಿದ ಪ್ರವಾಸ ಕಥನವೂ ಉಚಿತವಾಗಿ ಓದಲು ಸಿಗುತ್ತದೆ. ಅದು ನಿಧಾನ, ಆದರೆ ಗಿಡಮರದ ವಿವರ ಬೇಕಾದವರಿಗೆ ಅದೇ ಲೇಸು. ಕಥೆ ಬೇಕಾದವರಿಗೆ ಸಾರಾ ರೋಸ್.

ಇಲ್ಲೊಂದು ಎಚ್ಚರಿಕೆ. ಫಾರ್ಚ್ಯೂನನ ಸಾಹಸ ಓದಿ ಭಾರತದ ಟೀ ಎಲ್ಲಾ ಚೀನಾದಿಂದ ಬಂತು ಅಂದುಕೊಳ್ಳಬೇಡಿ. ಅಸ್ಸಾಮಿನಲ್ಲಿ ಟೀ ಗಿಡ ಕಾಡಿನಲ್ಲೇ ಇತ್ತು, ಸಿಂಗ್‌ಫೊ ಜನ ಅದನ್ನು ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನು ಆ ಜನರಿಂದ ಅದನ್ನು ತಿಳಿದುಕೊಂಡ. ಅಸ್ಸಾಂ ಟೀ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರ ಜನವರಿಯಲ್ಲಿ, ಫಾರ್ಚ್ಯೂನ್ ಹೊರಡುವುದಕ್ಕೆ ಒಂಬತ್ತು ವರ್ಷ ಮೊದಲು. ಚೀನಾ ಗಿಡ ಚೆನ್ನಾಗಿ ಒಗ್ಗಿದ್ದು ಡಾರ್ಜಿಲಿಂಗಿನಂಥ ತಂಪು ಜಾಗಗಳಲ್ಲಿ.

ಒಂದೇ ಚರಿತ್ರೆ ಪುಸ್ತಕ ಓದುತ್ತೇನೆ ಅನ್ನುವವರಿಗೆ ನನ್ನ ಆಯ್ಕೆ ಎರಿಕಾ ರಪಪೋರ್ಟ್ ಅವರ ‘ಎ ಥರ್ಸ್ಟ್ ಫಾರ್ ಎಂಪೈರ್’ (2017). ದಪ್ಪ ಪುಸ್ತಕ, ಓದಲು ತಿಂಗಳು ಬೇಕು. ಆದರೆ ನಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಮನೆಮನೆಯಲ್ಲಿ ಟೀ ಇರಲಿಲ್ಲ, ಮಜ್ಜಿಗೆ ಇತ್ತು, ಅಂಬಲಿ ಇತ್ತು. ಟೀ ಹೇಗೆ ಒಳಗೆ ಬಂತು? ಸುಮ್ನೆ ಬರಲಿಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರ ರಫ್ತಾಗುವ ಟೀ ಮೇಲೆ ಸೆಸ್ ಹಾಕಿತು. ಆ ದುಡ್ಡಿನಲ್ಲಿ ಟೀ ಪ್ರಚಾರ ನಡೆಯಿತು. ಹೊರದೇಶದಲ್ಲಿ ಬೆಲೆ ಬಿದ್ದಾಗ ಭಾರತದವರಿಗೇ ಟೀ ಕುಡಿಸುವ ಕೆಲಸ ಜೋರಾಯಿತು. ರೈಲು ನಿಲ್ದಾಣ, ಗಿರಣಿ, ಜಾತ್ರೆ, ಪೇಟೆಗಳಲ್ಲಿ ಟೀ ಮಾಡಿ ತೋರಿಸಿದರು, ಹಂಚಿದರು, ಪೋಸ್ಟರ್ ಅಂಟಿಸಿದರು. ದಾವಣಗೆರೆ ಹತ್ತಿ ಗಿರಣಿಗಳ ಊರು, ರೈಲು ಹಾಯುವ ಊರು. ಇಂಥ ಊರುಗಳಲ್ಲಿ ಪಾಳಿ ಕೆಲಸ ಮತ್ತು ಟೀ ಒಟ್ಟೊಟ್ಟಿಗೇ ಬೆಳೆದವು ಅನ್ನುವುದು ಆ ಪುಸ್ತಕ ಓದುವಾಗ ಸಹಜವಾಗಿ ಹೊಳೆಯುತ್ತದೆ. ಇವತ್ತು ಭಾರತ ವರ್ಷಕ್ಕೆ ಸುಮಾರು 130 ಕೋಟಿ ಕೆಜಿ ಟೀ ಬೆಳೆಯುತ್ತದೆ. ಅದರಲ್ಲಿ ಬಹುಪಾಲು ನಾವೇ ಕುಡಿಯುತ್ತೇವೆ.

ನನ್ನ ಮಟ್ಟಿಗೆ ಮೊದಲು ಓದಬೇಕಾದದ್ದು: ತೋಟದ ಕಥೆಗಳು

ಎರಡು ಎಲೆ, ಒಂದು ಕುಡಿ. ಟೀ ಗಿಡದಲ್ಲಿ ಕೀಳುವುದು ಅಷ್ಟನ್ನೇ. ಮಳೆಯಲ್ಲಿ, ಜಿಗಣೆ ನಡುವೆ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಅದನ್ನು ಕೀಳುವವರ ಬಗ್ಗೆ ಓದದೆ ಟೀ ಬಗ್ಗೆ ಓದಿದ್ದೇನೆ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿ ಎರಡು ಕಾದಂಬರಿಗಳಿವೆ.

ಮೊದಲನೆಯದು ಮುಲ್ಕ್ ರಾಜ್ ಆನಂದ್ ಅವರ ‘ಟೂ ಲೀವ್ಸ್ ಅಂಡ್ ಎ ಬಡ್’, 1937. ಗಂಗು ಎಂಬ ಪಂಜಾಬಿನ ರೈತ ಸಾಲದಲ್ಲಿ ಎಲ್ಲಾ ಕಳೆದುಕೊಂಡಿದ್ದಾನೆ. ಅಸ್ಸಾಮಿನ ಟೀ ತೋಟಕ್ಕೆ ಬಂದರೆ ಮನೆ ಸಿಗುತ್ತದೆ, ಜಮೀನು ಸಿಗುತ್ತದೆ ಅಂತ ಏಜೆಂಟ್ ನಂಬಿಸುತ್ತಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾನೆ. ಹೋದ ಮೇಲೆ ವಾಪಸ್ ಬರುವ ದಾರಿ ಇಲ್ಲ. ಮುಂದೇನಾಯಿತು ಅಂತ ನಾನು ಹೇಳುವುದಿಲ್ಲ. ಇದೇ ಕಥೆಯನ್ನು ಇಟ್ಟುಕೊಂಡು ಕೆ.ಎ. ಅಬ್ಬಾಸ್ ‘ರಾಹಿ’ ಸಿನಿಮಾ ಮಾಡಿದರು.

ಎರಡನೆಯದು ಪಿ.ಎಚ್. ಡೇನಿಯಲ್ ಅವರ ‘ರೆಡ್ ಟೀ’, 1969. ಡೇನಿಯಲ್ ವೃತ್ತಿಯಿಂದ ಡಾಕ್ಟರ್. ತಮಿಳುನಾಡಿನ ಆನೆಮಲೆ ಬೆಟ್ಟದ ತೋಟಗಳಲ್ಲಿ ಕೆಲಸ ಮಾಡಿದವರು, ಕೂಲಿಗಳ ಬಾಯಿಂದ ಹಳೆಯ ದಿನಗಳ ಕಥೆ ಕೇಳಿದವರು. ಕರುಪ್ಪನ್ ಮತ್ತು ವಳ್ಳಿ ಎಂಬ ಬಡ ದಂಪತಿ ತಿರುನೆಲ್ವೇಲಿ ಕಡೆಯಿಂದ ಮೇಸ್ತ್ರಿಯ ಮುಂಗಡ ಪಡೆದು ಬೆಟ್ಟ ಹತ್ತುತ್ತಾರೆ. ವರ್ಷ ಮುಗಿದಾಗ ಲೆಕ್ಕ ನೋಡಿದರೆ ಸಾಲ ಹಾಗೇ ಇರುತ್ತದೆ. ಜ್ವರ, ಚಳಿ, ಸಾವು. ತಮಿಳಿನಲ್ಲಿ ‘ಎರಿಯುಂ ಪನಿಕ್ಕಾಡು’ ಅಂತ ಅನುವಾದವಾಗಿದೆ. 2013ರಲ್ಲಿ ಬಾಲಾ ನಿರ್ದೇಶಿಸಿದ ‘ಪರದೇಸಿ’ ಚಿತ್ರಕ್ಕೆ ಇದೇ ಆಧಾರ.

ಎರಡನ್ನೂ ಪಕ್ಕಪಕ್ಕ ಇಟ್ಟರೆ, ಬರವಣಿಗೆಯ ಕಸುಬು ಆನಂದ್ ಅವರಲ್ಲಿ ಜಾಸ್ತಿ. ಸಾಹೇಬರ ಕ್ಲಬ್ಬು, ಕೂಲಿ ಲೈನು (ಕೂಲಿಗಳ ಸಾಲು ಮನೆಗಳು), ಎರಡನ್ನೂ ಎದುರಿಗೆ ನಿಲ್ಲಿಸುತ್ತಾರೆ. ಕೆಲವು ಕಡೆ ಪಾತ್ರಗಳು ಭಾಷಣ ಮಾಡಿದ ಹಾಗನ್ನಿಸುತ್ತದೆ. ಪಂಜಾಬಿ ಬೈಗುಳವನ್ನು ಇದ್ದಹಾಗೇ ಇಂಗ್ಲಿಷಿಗೆ ತಂದದ್ದು ಮೊದಮೊದಲು ಒರಟಾಗಿ ಕಾಣುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಡೇನಿಯಲ್ ಅವರದು ಅಷ್ಟು ನಯವಾದ ಕಾದಂಬರಿ ಅಲ್ಲ. ಆದರೆ ರೋಗಿಯ ಪಕ್ಕ ಕೂತು ನೋಡಿದವರ ವಿವರ ಅದರಲ್ಲಿದೆ. ಊಟ ಎಷ್ಟು, ಕೂಲಿ ಎಷ್ಟು, ಕಡಿತ ಎಷ್ಟು, ಮೇಸ್ತ್ರಿ ಕಮಿಷನ್ ಎಷ್ಟು, ಎಲ್ಲಾ ಗೊತ್ತಾಗುತ್ತದೆ. ಜಾಗವೂ ನಮಗೆ ಹತ್ತಿರ. ತೋಟದ ಕೂಲಿಗಳಿಗೆ ಮನೆ, ಆಸ್ಪತ್ರೆ, ಕುಡಿಯುವ ನೀರು ಕೊಡಬೇಕು ಅನ್ನುವ ಪ್ಲಾಂಟೇಶನ್ ಲೇಬರ್ ಕಾಯ್ದೆ ಬಂದದ್ದು 1951ರಲ್ಲಿ. ಅದು ಯಾಕೆ ಬೇಕಾಯಿತು ಅನ್ನುವುದು ಈ ಪುಸ್ತಕ ಓದಿದರೆ ತಿಳಿಯುತ್ತದೆ.

ಇವೆರಡನ್ನೂ ಮೊದಲು ಓದಿ ಅಂತ ನಾನು ಹೇಳಲು ಇನ್ನೊಂದು ಕಾರಣ ಇದೆ. ನಮ್ಮದು ಗುಳೆ ಗೊತ್ತಿರುವ ಸೀಮೆ. ಮಳೆ ಕೈಕೊಟ್ಟ ವರ್ಷ ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಕುಟುಂಬ ಸಮೇತ ಕೂಲಿಗೆ ಹೊರಡುವುದು, ಘಟ್ಟದ ಕಾಫಿ ತೋಟಗಳಿಗೆ ಹೋಗುವುದು ನಮಗೆ ಹೊಸದಲ್ಲ. ಮುಂಗಡ ಪಡೆದವನ ಮುಖ ಹೇಗಿರುತ್ತದೆ ಅಂತ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಗಂಗು, ಕರುಪ್ಪನ್ ಬೇಗ ನಮ್ಮವರಾಗುತ್ತಾರೆ.

ಇಂಗ್ಲಿಷ್ ಕಷ್ಟ ಅನ್ನುವವರು ಶಿವರಾಮ ಕಾರಂತರ ‘ಚೋಮನ ದುಡಿ’ಯಿಂದ ಶುರು ಮಾಡಿ. 1933ರ ಕಾದಂಬರಿ, ಆನಂದ್ ಅವರ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲಿನದು. ಅದು ಟೀ ತೋಟದ ಕಥೆ ಅಲ್ಲ, ತೋಟವೇ ಮುಖ್ಯ ಜಾಗವೂ ಅಲ್ಲ. ಆದರೆ ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವುದು, ಅಲ್ಲಿನ ಜ್ವರ, ಅಲ್ಲಿಂದ ಮನೆ ಒಡೆಯುವುದು, ಎಲ್ಲಾ ಇದೆ. ಶಾಲೆಯಲ್ಲಿ ಓದಿದ್ದರೂ ಪರವಾಗಿಲ್ಲ, ತೋಟದ ಕಣ್ಣಿನಿಂದ ಇನ್ನೊಮ್ಮೆ ಓದಿ. ಆಮೇಲೆ ಆನಂದ್ ಅವರನ್ನು ಓದಿದರೆ ಒಂದೇ ಸಂಸಾರದ ಎರಡು ಕಥೆ ಓದಿದ ಹಾಗಿರುತ್ತದೆ.

ಕನ್ನಡದಲ್ಲಿ ಏನು ಓದೋಣ?

ಕಾಫಿಗೆ ನಮ್ಮ ಬರಹದಲ್ಲಿ ಸಿಕ್ಕ ಜಾಗ ಟೀಗೆ ಸಿಕ್ಕಿಲ್ಲ. ಮಲೆನಾಡು ಕಾಫಿಯದು, ಬರೆದವರಲ್ಲಿ ಅನೇಕರು ಮಲೆನಾಡಿನವರು. ಕರ್ನಾಟಕದಲ್ಲೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ, ಕೊಡಗಿನಲ್ಲಿ ಸ್ವಲ್ಪ ಟೀ ಬೆಳೆಯುತ್ತಾರೆ. ಪಕ್ಕದ ನೀಲಗಿರಿಯಲ್ಲಿ ಟೀ ಬೆಳೆಯುವ ಸಣ್ಣ ರೈತರಲ್ಲಿ ಹೆಚ್ಚಿನವರು ಬಡಗರು, ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಅವರ ಬದುಕಿನ ಮೇಲೆ, ಬಯಲುಸೀಮೆಯ ಟೀ ಅಂಗಡಿಗಳ ಮೇಲೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಬರಲಿ ಅನ್ನುವುದು ನನ್ನ ದೊಡ್ಡ ಆಸೆ. ದಾವಣಗೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯಾರಾದರೂ ಗಿರಣಿ ಕಾಲದ ಟೀ ಹೋಟೆಲುಗಳ ಬಗ್ಗೆ ಹಿರಿಯರನ್ನು ಮಾತಾಡಿಸಿ ಬರೆದರೆ ಎಷ್ಟು ಚೆನ್ನ ಅಲ್ವಾ.

ಅಲ್ಲಿಯವರೆಗೆ, ಗಿಡದ ಬಗ್ಗೆ ಕುತೂಹಲ ಇರುವವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಟೀ ಬಗ್ಗೆ ಬರೆದದ್ದಲ್ಲ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದ ಕಥೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಎಲೆಯನ್ನು ಹೇಗೆ ನೋಡಬೇಕು ಅನ್ನುವುದನ್ನು ಇಷ್ಟು ಸಲಿಗೆಯಿಂದ ಕಲಿಸುವ ಪುಸ್ತಕ ಇನ್ನೊಂದಿಲ್ಲ. ಫಾರ್ಚ್ಯೂನನ ಪ್ರವಾಸ ಕಥನಕ್ಕಿಂತ ಇದೇ ಮೇಲು ಅಂತ ನಾನು ಹೇಳುತ್ತೇನೆ.

ಟೀ ಬೇಡ ಅನ್ನುವವರ ಮಾತೂ ಕೇಳಬೇಕು. ಗಾಂಧೀಜಿ 1942ರಲ್ಲಿ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಆರೋಗ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿ ಟೀ, ಕಾಫಿ, ಕೋಕೋ ಬಗ್ಗೆ ಒಂದು ಭಾಗ ಇದೆ. ಈ ಯಾವುದೂ ದೇಹಕ್ಕೆ ಬೇಕಾಗಿಲ್ಲ ಅನ್ನುತ್ತಾರೆ. ತೋಟದ ಕಾದಂಬರಿಗಳ ನಂತರ ಅದನ್ನು ಓದಿದರೆ ಅವರ ಮಾತಿನ ತೂಕ ಬೇರೆಯೇ ಆಗಿ ಕಾಣುತ್ತದೆ.

ಎಲ್ಲಿ ಸಿಗುತ್ತದೆ, ಯಾರಿಗೆ ಯಾವುದು

ಆರ್ವೆಲ್ ಪ್ರಬಂಧ, ಒಕಾಕುರಾ, ಫಾರ್ಚ್ಯೂನ್ ಮೂರೂ ಆನ್‌ಲೈನ್‌ನಲ್ಲಿ ಉಚಿತ. ಒಕಾಕುರಾ ಪುಸ್ತಕವನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಪುಸ್ತಕಗಳ ಜಾಲತಾಣದಿಂದ ಮೊಬೈಲಿಗೇ ಇಳಿಸಿಕೊಳ್ಳಬಹುದು. ದುಡ್ಡು ಕೊಟ್ಟು ಕೊಳ್ಳುವ ಮೊದಲು ಹತ್ತು ಪುಟ ಅಲ್ಲೇ ಓದಿ ನೋಡಿ. ಕಾರಂತ, ಸ್ವಾಮಿ ಅವರ ಪುಸ್ತಕಕ್ಕೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಮೊದಲು ಕೇಳಿ. ರಪಪೋರ್ಟ್, ಸಾರಾ ರೋಸ್, ಕವಾಬಾಟಾ ಬೇಕಾದರೆ ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ, ಅಥವಾ ಬೆಂಗಳೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಬೇಕು.

ಪಿಯುಸಿ ಓದುವ ಮಕ್ಕಳಿಗೆ ಆರ್ವೆಲ್ ಕೊಡಿ, ಇಂಗ್ಲಿಷ್ ಗದ್ಯ ಹೇಗಿರಬೇಕು ಅನ್ನುವುದೂ ಗೊತ್ತಾಗುತ್ತದೆ. ನಿವೃತ್ತ ಮೇಷ್ಟ್ರಿಗೆ, ಸಮಯ ಇರುವವರಿಗೆ ರಪಪೋರ್ಟ್. ಸಾಹಸ ಇಷ್ಟಪಡುವವರಿಗೆ ಸಾರಾ ರೋಸ್. ಧ್ಯಾನ, ಕಲೆ ಕಡೆ ಮನಸ್ಸಿರುವವರಿಗೆ ಒಕಾಕುರಾ, ಬೆಳಿಗ್ಗೆ ಒಂದೊಂದೇ ಅಧ್ಯಾಯ. ಟೀ ಅಂಗಡಿ ನಡೆಸುವ ಗೆಳೆಯರಿಗೆ ಲು ಯು ಹೇಳಿದ ನೀರಿನ ಮಾತನ್ನು ಬಾಯಲ್ಲೇ ಹೇಳಿ, ಬೋರ್ ನೀರು ಮತ್ತು ಹೊಳೆ ನೀರು ಎರಡರಲ್ಲೂ ಒಂದೊಂದು ಲೋಟ ಮಾಡಿಸಿ ನೋಡಿ.

ನಾಲ್ಕೈದು ಜನ ಸೇರಿ ಓದುವುದಾದರೆ ಕ್ರಮ ಹೀಗಿರಲಿ: ‘ಚೋಮನ ದುಡಿ’, ಆಮೇಲೆ ‘ಟೂ ಲೀವ್ಸ್ ಅಂಡ್ ಎ ಬಡ್’, ಆಮೇಲೆ ‘ರೆಡ್ ಟೀ’. ಒಂದೇ ಪುಸ್ತಕ ಕೊಳ್ಳುವ ದುಡ್ಡಿದ್ದರೆ ಆನಂದ್ ಅವರದನ್ನು ಕೊಳ್ಳಿ. ಅದು ಮತ್ತೆ ಮತ್ತೆ ಅಚ್ಚಾಗಿದೆ, ಸುಲಭವಾಗಿ ಸಿಗುತ್ತದೆ. ‘ರೆಡ್ ಟೀ’ ಇಂಗ್ಲಿಷ್ ಪ್ರತಿ ಕಂಡರೆ ಮಾತ್ರ ಯೋಚನೆ ಮಾಡದೆ ತೆಗೆದುಕೊಂಡುಬಿಡಿ, ಅದಕ್ಕೆ ಹುಡುಕಾಟ ಬೇಕಾಗುತ್ತದೆ. ತಮಿಳು ಓದಲು ಬರುವವರು ನಿಮ್ಮ ಗುಂಪಿನಲ್ಲಿದ್ದರೆ ತಮಿಳು ಅನುವಾದವನ್ನೇ ತರಿಸಿ, ಅವರು ಓದಿ ಹೇಳಲಿ.